ಓರೆ ಬೀಸು, ನೇರ ಚೆಂಡು



ಗಾಲ್ಫ್ ಆಟಕ್ಕೂ ನಮ್ಮ ಚಿತ್ರದುರ್ಗದ ಸೀಮೆಗೂ ಎತ್ತಣ ಸಂಬಂಧ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಹಿರಿಯೂರಿನಲ್ಲಾಗಲಿ, ಹೊಸದುರ್ಗದಲ್ಲಾಗಲಿ, ಹೊಳಲ್ಕೆರೆಯಲ್ಲಾಗಲಿ ಆ ಆಟದ ಕೋಲನ್ನು ಹಿಡಿದವರನ್ನು ನಾನು ಕಂಡವನಲ್ಲ. ಮೇಲಾಗಿ ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಪಂಡಿತ. ಗಣ, ಪ್ರಾಸ, ಸಂಧಿ, ಸಮಾಸಗಳು ನನ್ನ ಕಸುಬು. ಆದರೂ ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಒಂದು ಕಾರಣ ಒದಗಿತು.

ಹೊಸದುರ್ಗದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಬಂದಿದ್ದಾಗ ಮನೆಗೆ ಬಂದು ಕುಳಿತ. ಮಾತಿನ ನಡುವೆ, "ಮೇಷ್ಟ್ರೇ, ನಮ್ಮಲ್ಲಿ ದಿನವೂ ನೂರಾರು ಜನ ಆಡುತ್ತಾರೆ. ಕೆಲವರದು ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ ಇರುತ್ತದೆ. ಇನ್ನು ಕೆಲವರು ಕೋಲನ್ನು ಬೀಸುವುದು ನೋಡಿದರೆ ನಗು ಬರುತ್ತದೆ. ಹಾಗೆ ಅಡ್ಡಾದಿಡ್ಡಿ ಬೀಸುವವನು ದುಡ್ಡಿಟ್ಟು ಆಡುವ ದೊಡ್ಡ ಪಂದ್ಯದಲ್ಲಿ ಗೆಲ್ಲಬಲ್ಲನೇ?" ಎಂದು ಕೇಳಿದ. ತರಗತಿಯಲ್ಲಿದ್ದಾಗ ಒಂದು ಪ್ರಶ್ನೆಯನ್ನೂ ಕೇಳದಿದ್ದ ಹುಡುಗ ಕೇಳಿದ ಪ್ರಶ್ನೆ. ಉತ್ತರ ಹೇಳದೆ ಕಳುಹಿಸುವುದು ಹೇಗೆ? ಪುಸ್ತಕಗಳನ್ನು ತಿರುವಿದೆ, ಬಲ್ಲವರನ್ನು ವಿಚಾರಿಸಿದೆ. ತಿಳಿದುದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆಟದ ಪರಿಚಯ. ನಾವೆಲ್ಲ ಬಾಲ್ಯದಲ್ಲಿ ಚಿಣ್ಣಿಕೋಲು ಆಡಿದವರು. ಕೋಲಿನಿಂದ ಚಿಣ್ಣಿಯನ್ನು ದೂರಕ್ಕೆ ಹೊಡೆಯುವುದು ಅದರ ತಿರುಳು. ಗಾಲ್ಫಿನಲ್ಲಿ ಚಿಣ್ಣಿಯ ಬದಲು ೪೫.೯೩ ಗ್ರಾಮಿಗೆ ಮೀರದ ಒಂದು ಗಟ್ಟಿ ಚೆಂಡು. ಅದನ್ನು ನೂರಾರು ಗಜ ದೂರದಲ್ಲಿರುವ, ೧೦೮ ಮಿಲಿಮೀಟರು ಅಗಲದ ಒಂದು ಕುಳಿಗೆ ಎಷ್ಟು ಕಡಮೆ ಏಟುಗಳಲ್ಲಿ ಸೇರಿಸುತ್ತೀರಿ ಎಂಬುದೇ ಲೆಕ್ಕ. ಅಂತಹ ೧೮ ಕುಳಿಗಳು. ದೊಡ್ಡ ಪಂದ್ಯವಾದರೆ ಸಾಮಾನ್ಯವಾಗಿ ನಾಲ್ಕು ದಿನಗಳ ಕಾಲ, ದಿನಕ್ಕೆ ಒಂದು ಸುತ್ತಿನಂತೆ ಆಡಬೇಕು. ಅಂದಮೇಲೆ ಒಂದು ಒಳ್ಳೆಯ ಏಟಿನಿಂದ ಏನೂ ಆಗದು. ಆ ಏಟು ನಾಲ್ಕು ದಿನವೂ ಕೈಯಲ್ಲಿ ನಿಲ್ಲಬೇಕು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದೇ ನಮಗೆ ದಾರಿ ತೋರಿಸುತ್ತದೆ.

ನಮ್ಮ ನಾಡಿಗೆ ಈ ಆಟ ಬಂದು ಬಹಳ ಕಾಲವಾಯಿತು. ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದೆನಿಸಿದ ಕಲ್ಕತ್ತೆಯ ಗಾಲ್ಫ್ ಕ್ಲಬ್ಬು ೧೮೨೯ರದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು ೧೮೭೬ರಲ್ಲಿ. ಬಹು ಕಾಲ ಇದು ದೊರೆಗಳ, ಅಧಿಕಾರಿಗಳ ಆಟವಾಗಿಯೇ ಇತ್ತು. ಅವರ ಚೀಲ ಹೊತ್ತು ಹಿಂದೆ ನಡೆಯುವವರು ಮಾತ್ರ ನಮ್ಮ ಬಡ ಮಕ್ಕಳು. ಆ ಚೀಲ ಹೊರುವವರಿಗೆ ಕ್ಯಾಡಿ ಎಂದು ಹೆಸರು. ಈ ಕ್ಯಾಡಿಗಳನ್ನು ಕುರಿತು ಆಮೇಲೆ ಹೇಳುತ್ತೇನೆ.

ಈಗ ವಿಷಯಕ್ಕೆ ಬರೋಣ. 'ಸರಿಯಾದ ಬೀಸು' ಎಂದರೆ ಯಾವುದು? ಅದನ್ನು ಸರಿಯೆಂದು ನಿಶ್ಚಯಿಸಿದವರು ಯಾರು?

ವ್ಯಾಕರಣ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಪಂಪ ಆದಿಪುರಾಣವನ್ನು ಬರೆದದ್ದು ೯೪೧ರಲ್ಲಿ. ಕೇಶಿರಾಜ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು ಬರೆದದ್ದು ೧೩ನೆಯ ಶತಮಾನದಲ್ಲಿ. ಪಂಪನು ಕೇಶಿರಾಜನ ಸೂತ್ರ ನೋಡಿಕೊಂಡು ಕಾವ್ಯ ಬರೆಯಲಿಲ್ಲ. ಹಿಂದಿನ ಕವಿಗಳ ಪ್ರಯೋಗಗಳನ್ನು ನೋಡಿಕೊಂಡು ಕೇಶಿರಾಜ ಸೂತ್ರ ರಚಿಸಿದ. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ಬಲ್ಲವರು ಆಡಿದ್ದು ಪ್ರಯೋಗ; ಅದನ್ನು ನೋಡಿ ಹಿಂದಿನಿಂದ ಬಂದವರು ಬರೆದದ್ದು ನಿಯಮ.

ಗಾಲ್ಫಿನಲ್ಲಿಯೂ ಹೀಗೆಯೇ ಆಯಿತು. ಹ್ಯಾರಿ ವಾರ್ಡನ್ ಎಂಬಾತ ೧೮೯೬ರಿಂದ ೧೯೧೪ರ ಒಳಗೆ ಬ್ರಿಟಿಷ್ ಓಪನ್ ಎಂಬ ಮಹಾ ಪಂದ್ಯವನ್ನು ಆರು ಸಲ ಗೆದ್ದ. ಒಂದು ಕೈಯ ಕಿರುಬೆರಳು ಇನ್ನೊಂದು ಕೈಯ ಬೆರಳಿನ ಮೇಲೆ ಕೂರುವಂತೆ ಅವನು ಕೋಲನ್ನು ಹಿಡಿಯುತ್ತಿದ್ದ. ಅವನಿಗಿಂತ ಮೊದಲೇ ಹಾಗೆ ಹಿಡಿದವರಿದ್ದರು. ಆದರೆ ಗೆದ್ದವನ ಹೆಸರು ನಿಂತಿತು. ಇಂದಿಗೂ ಅದನ್ನು ವಾರ್ಡನ್ ಹಿಡಿತವೆಂದೇ ಕರೆಯುತ್ತಾರೆ. ಒಂದು ಕಾಲಕ್ಕೆ ಕೆಲವರ ರೂಢಿಯಾಗಿದ್ದದ್ದು ಎಲ್ಲರ ಶಾಸ್ತ್ರವಾಯಿತು.

ಇನ್ನೊಂದು ಸಂಗತಿ. ಆ ಕಾಲದಲ್ಲಿ ಕೋಲಿನ ದಂಡ ಹಿಕರಿ ಎಂಬ ಮರದ್ದು. ಬೀಸುವಾಗ ಅದು ಬಾಗುತ್ತಿತ್ತು, ತಿರುಚುತ್ತಿತ್ತು. ಆ ತಿರುಚನ್ನು ಮಣಿಕಟ್ಟಿನಿಂದ ಸರಿಪಡಿಸಿಕೊಂಡು ಹೊಡೆಯುವುದೇ ಆಗಿನ ಜಾಣ್ಮೆ. ಮುಂದೆ ಉಕ್ಕಿನ ದಂಡ ಬಂತು. ಅಮೆರಿಕದ ಆಡಳಿತ ಸಂಸ್ಥೆ ಅದಕ್ಕೆ ೧೯೨೪ರಲ್ಲಿಯೂ, ಬ್ರಿಟನ್ನಿನದು ೧೯೨೯ರಲ್ಲಿಯೂ ಒಪ್ಪಿಗೆ ಕೊಟ್ಟವು. ಉಕ್ಕು ಮರದಂತೆ ತಿರುಚುವುದಿಲ್ಲ. ಆದುದರಿಂದ ಮಣಿಕಟ್ಟಿನ ಹಳೆಯ ಜಾಣ್ಮೆ ಬೇಡವಾಯಿತು. ಅದೇ ದೋಷವೆಂದೂ ಎನಿಸಿತು. ೧೯೪೫ರಲ್ಲಿ ಸಾಲಾಗಿ ೧೧ ಪಂದ್ಯಗಳನ್ನು ಗೆದ್ದ ಬೈರನ್ ನೆಲ್ಸನ್ ಎಂಬ ಅಮೆರಿಕದ ಆಟಗಾರನನ್ನು ಹೊಸ ಬೀಸಿನ ಪ್ರವರ್ತಕನೆನ್ನುತ್ತಾರೆ. ೧೯೫೭ರಲ್ಲಿ ಬೆನ್ ಹೋಗನ್ ಎಂಬ ಮತ್ತೊಬ್ಬ ಮಹಾ ಆಟಗಾರ ತನ್ನ ರೀತಿಯನ್ನು ಐದು ಪಾಠಗಳ ಪುಸ್ತಕವಾಗಿ ಪ್ರಕಟಿಸಿದ. ಅಲ್ಲಿಂದ ಮುಂದೆ ಆ ಪುಸ್ತಕ ಎಷ್ಟೋ ಜನಕ್ಕೆ ಲಕ್ಷಣಗ್ರಂಥವಾಯಿತು.

ಹೀಗೆ ಅಜ್ಜನ ಕಾಲದ ಸರಿ ಮೊಮ್ಮಗನ ಕಾಲಕ್ಕೆ ತಪ್ಪಾಯಿತು. ಬದಲಾದದ್ದು ಉಪಕರಣ, ಅದರೊಡನೆ ಸರಿ ತಪ್ಪುಗಳೂ ಬದಲಾದವು. ಹಾಗೆಂದು ಶಾಸ್ತ್ರವೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸಾವಿರಾರು ಜನರ ಅನುಭವ ಹೆಪ್ಪುಗಟ್ಟಿ ಶಾಸ್ತ್ರವಾಗಿದೆ. ಆದರೆ ಅದು ಅನುಭವದಿಂದ ಹುಟ್ಟಿತು ಎಂಬುದನ್ನು ಮರೆಯಬಾರದು.

ಇನ್ನು ಚೆಂಡಿನ ಕಡೆಯಿಂದ ನೋಡಿರಿ. ಕೋಲಿನ ತಲೆ ಚೆಂಡನ್ನು ಮುಟ್ಟಿರುವ ಹೊತ್ತು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಪಾಲಿನಷ್ಟು. ಕಣ್ಣು ರೆಪ್ಪೆ ಹೊಡೆಯುವುದಕ್ಕೆ ಇದರ ನೂರಾರು ಪಟ್ಟು ಹೊತ್ತು ಬೇಕು. ಆ ಅಲ್ಪ ಕ್ಷಣದಲ್ಲಿ ಕೋಲಿನ ಮುಖ ಯಾವ ಕಡೆಗಿತ್ತು, ಯಾವ ದಾರಿಯಲ್ಲಿ ಬಂತು, ಎಷ್ಟು ವೇಗವಾಗಿ ಬಂತು, ಮುಖದ ಯಾವ ಭಾಗ ತಗುಲಿತು ಎಂಬಿಷ್ಟೇ ಚೆಂಡಿಗೆ ತಿಳಿಯುತ್ತದೆ. ಆ ಕೋಲು ಅದಕ್ಕೆ ಮುಂಚೆ ಆಕಾಶದಲ್ಲಿ ಸೊನ್ನೆ ಬರೆಯಿತೋ, ಎಂಟು ಬರೆಯಿತೋ ಚೆಂಡಿಗೆ ಗೊತ್ತಿಲ್ಲ. ನೋಡುವವರು ಬೀಸನ್ನು ನೋಡುತ್ತಾರೆ. ಚೆಂಡು ತಾಗಿದ ಏಟನ್ನು ಮಾತ್ರ ಬಲ್ಲದು.

ಹಾಗಾದರೆ ಓರೆಯಾಗಿ ಬೀಸಿ ಗೆದ್ದವರು ಉಂಟೇ? ಉಂಟು. ಮೂವರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯವರು ಅಮೆರಿಕದ ಕಾಲ್ವಿನ್ ಪೀಟ್. ೧೯೪೩ರಲ್ಲಿ ಹುಟ್ಟಿದ ಬಡ ಕಪ್ಪು ಜನರ ಮಗ. ಬಾಲ್ಯದಲ್ಲಿ ಮರದಿಂದ ಬಿದ್ದು ಎಡ ಮೊಣಕೈ ಮುರಿಯಿತು; ಕೂಡಿಕೊಂಡದ್ದು ಸರಿಯಾಗಿ ಕೂಡಲಿಲ್ಲ. ಆಮೇಲೆ ಆ ತೋಳು ಪೂರ್ತಿ ಚಾಚಲು ಬರಲೇ ಇಲ್ಲ. ಗಾಲ್ಫ್ ಕಲಿಸುವವರ ಮೊದಲ ಪಾಠವಾದರೋ, ಬಲಗೈ ಆಟಗಾರನ ಎಡತೋಳು ಬೀಸುವಾಗ ಬಾಗಬಾರದು ಎಂಬುದು! ಹೊಲಗಳಲ್ಲಿ ದುಡಿಯುವ ಕೂಲಿಯವರಿಗೆ ಸರಕು ಮಾರುತ್ತ ಊರೂರು ತಿರುಗುತ್ತಿದ್ದ ಈತ ಕೋಲು ಹಿಡಿದದ್ದೇ ೨೩ನೆಯ ವಯಸ್ಸಿನಲ್ಲಿ. ಮುಂದೆ ಅಮೆರಿಕದ ವೃತ್ತಿ ಪಂದ್ಯಗಳಲ್ಲಿ ೧೨ ಗೆದ್ದರು. ಅದಕ್ಕಿಂತ ಹೆಚ್ಚಿನದು ಇದು: ಮೊದಲ ಏಟನ್ನು ದಾರಿ ತಪ್ಪದಂತೆ ನೇರಕ್ಕೆ ಹೊಡೆಯುವವರ ಪಟ್ಟಿಯಲ್ಲಿ ೧೯೮೧ರಿಂದ ೧೯೯೦ರವರೆಗೆ ಹತ್ತು ವರ್ಷವೂ ಅವರದೇ ಮೊದಲ ಸ್ಥಾನ. ನೇರ ಮಾಡಲಾಗದ ತೋಳಿನವನು ಎಲ್ಲರಿಗಿಂತ ನೇರವಾಗಿ ಹೊಡೆದ. ರೈಡರ್ ಕಪ್ ಎಂಬ ತಂಡಗಳ ಪಂದ್ಯಕ್ಕೆ ಅರ್ಹತೆ ಪಡೆಯಲು ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಬೇಕಾಯಿತು. ಓದು ಅರ್ಧಕ್ಕೇ ನಿಂತಿದ್ದ ಪೀಟ್ ೧೯೮೨ರಲ್ಲಿ, ೩೯ರ ಹೊತ್ತಿಗೆ, ಆ ಪರೀಕ್ಷೆಯನ್ನೂ ಪಾಸು ಮಾಡಿ ಮರುವರ್ಷ ಆ ತಂಡದಲ್ಲಿ ಆಡಿದರು. ಮೇಷ್ಟರಾದ ನನಗೆ ಇದೂ ಒಂದು ಗೆಲುವಾಗಿಯೇ ಕಾಣುತ್ತದೆ.

ಎರಡನೆಯವರು ಅಮೆರಿಕದವರೇ ಆದ ಜಿಮ್ ಫ್ಯೂರಿಕ್. ಕೋಲನ್ನು ಮೇಲಕ್ಕೆ ಒಯ್ಯುವಾಗ ಒಂದು ದಾರಿ, ಇಳಿಸುವಾಗ ಬೇರೆಯೇ ದಾರಿ. ನಡುವೆ ಆಕಾಶದಲ್ಲಿ ಒಂದು ಕುಣಿಕೆ. ನೋಡಿದವರು ನಕ್ಕದ್ದುಂಟು. ಇವರಿಗೆ ತಂದೆಯೇ ಗುರು. ತಂದೆ ಸ್ವತಃ ಗಾಲ್ಫ್ ಕಲಿಸುವುದನ್ನೇ ವೃತ್ತಿ ಮಾಡಿಕೊಂಡವರು, ಶಾಸ್ತ್ರ ಬಲ್ಲವರು. ಆದರೂ ಮಗನ ಕುಣಿಕೆಯನ್ನು ಬಿಚ್ಚಲಿಲ್ಲ. ಚೆಂಡು ಹೋಗುವ ಕಡೆ ನೋಡಿದರು, ಅದು ನೇರಕ್ಕೆ ಹೋಗುತ್ತಿತ್ತು, ಬಿಟ್ಟರು. ಆ ಮಗ ೨೦೦೩ರಲ್ಲಿ ಅಮೆರಿಕದ ಓಪನ್ ಗೆದ್ದರು. ೨೦೧೬ರಲ್ಲಿ ಒಂದು ಪಂದ್ಯದಲ್ಲಿ ೧೮ ಕುಳಿಗಳನ್ನು ೫೮ ಏಟುಗಳಲ್ಲಿ ಮುಗಿಸಿದರು. ಅಮೆರಿಕದ ಮುಖ್ಯ ವೃತ್ತಿ ಪಂದ್ಯಗಳಲ್ಲಿ ಅದಕ್ಕೆ ಮೊದಲು ಯಾರೂ ಅಷ್ಟು ಕಡಮೆಯಲ್ಲಿ ಒಂದು ಸುತ್ತನ್ನು ಮುಗಿಸಿರಲಿಲ್ಲ.

ಮೂರನೆಯವರು ಕೊರಿಯಾದ ಚೋಯ್ ಹೋ ಸಂಗ್. ಮೀನಿನ ಕೆಲಸ ಮಾಡುತ್ತಿದ್ದಾಗ ಬಲಗೈಯ ಹೆಬ್ಬೆರಳ ತುದಿಯನ್ನು ಕಳೆದುಕೊಂಡವರು. ಇಪ್ಪತ್ತು ದಾಟಿದ ಮೇಲೆ ಹೊಟ್ಟೆಪಾಡಿಗಾಗಿ ಗಾಲ್ಫ್ ಮೈದಾನವೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಆಟವನ್ನು ಕಲಿತರು. ಏಟು ಕೊಟ್ಟ ಬಳಿಕ ಕಾಲೆತ್ತಿ, ಸುತ್ತು ತಿರುಗಿ, ಗಾಳ ಎಳೆಯುವ ಬೆಸ್ತನಂತೆ ಕೋಲನ್ನು ಮೇಲೆತ್ತುವುದು ಇವರ ವಾಡಿಕೆ. ಜಪಾನಿನಲ್ಲಿ ೨೦೧೮ರಲ್ಲಿ, ೪೫ರ ವಯಸ್ಸಿನಲ್ಲಿ ಒಂದು ದೊಡ್ಡ ಪಂದ್ಯವನ್ನೂ ೨೦೧೯ರಲ್ಲಿ ಇನ್ನೊಂದನ್ನೂ ಗೆದ್ದರು. ಅವರ ಕುಣಿತವೆಲ್ಲ ಹೆಚ್ಚಾಗಿ ಏಟು ಬಿದ್ದ ಮೇಲಿನದು ಎಂಬುದನ್ನು ಗಮನಿಸಿರಿ. ಏಟಿನ ಕ್ಷಣದಲ್ಲಿ ಅವರೂ ಶಾಸ್ತ್ರದ ಮಗುವೇ.

ದೂರದ ಕಥೆಗಳು ಸಾಕು. ನಮ್ಮ ಮನೆಯ ಕಥೆಯನ್ನು ಹೇಳುತ್ತೇನೆ. ಆಟ ಬೇರೆ, ಪ್ರಶ್ನೆ ಅದೇ.

ನಮ್ಮ ತಂದೆಯವರ ಕಾಲದ ರೇಡಿಯೋ ನಮ್ಮ ಮನೆಯ ಅಟ್ಟದಲ್ಲಿ ಇನ್ನೂ ಇದೆ. ೧೯೭೧ರ ಆಗಸ್ಟಿನಲ್ಲಿ ಅದರ ಸುತ್ತ ಕೇರಿಯೇ ನೆರೆದಿತ್ತು ಎಂದು ತಂದೆಯವರು ಹೇಳುತ್ತಿದ್ದರು. ತಮ್ಮ ಮನೆಗಳಲ್ಲಿಯೂ ಹಿರಿಯರು ಹೇಳಿರಬಹುದು. ಇಂಗ್ಲೆಂಡಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ತಂಡ ೧೦೧ ಓಟಗಳಿಗೆ ಉರುಳಿಬಿದ್ದ ದಿನ ಅದು. ಮೈಸೂರಿನ ಬಿ. ಎಸ್. ಚಂದ್ರಶೇಖರ್ ೩೮ ಓಟ ಕೊಟ್ಟು ಆರು ವಿಕೆಟ್ ಪಡೆದಿದ್ದರು. ಆ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಪಂದ್ಯ, ಮೊದಲ ಸರಣಿ ಅದು.

ಚಂದ್ರಶೇಖರರ ಬಲತೋಳು ಎಳವೆಯಲ್ಲಿ ಪೋಲಿಯೋ ತಗುಲಿ ಸೊರಗಿದ್ದ ತೋಳು. ಚೆಂಡನ್ನು ದೂರದಿಂದ ಎಸೆಯಬೇಕಾದರೆ ಎಡಗೈಯನ್ನೇ ನಂಬಬೇಕಾಗಿತ್ತು. ಆದರೆ ಬೌಲಿಂಗ್ ಮಾಡಿದ್ದು ಆ ಸೊರಗಿದ ಬಲಗೈಯಿಂದಲೇ! ಸ್ಪಿನ್ ಚೆಂಡು ನಿಧಾನವಾಗಿ, ತೇಲಿ ಬರಬೇಕೆಂಬುದು ಶಾಸ್ತ್ರ. ಇವರದು ಮಧ್ಯಮ ವೇಗದ ಬೌಲರನಷ್ಟು ಬಿರುಸು. ಆ ತೆಳುವಾದ ತೋಳು ಚಾಟಿಯ ಹಾಗೆ ತಿರುಗುತ್ತಿದ್ದುದರಿಂದಲೇ ಚೆಂಡಿಗೆ ಆ ಬಿರುಸು ಬಂದಿತೆಂದು ಆಟ ಬಲ್ಲವರು ಹೇಳುವುದುಂಟು. ೫೮ ಟೆಸ್ಟ್ ಪಂದ್ಯಗಳಲ್ಲಿ ೨೪೨ ವಿಕೆಟ್ ಪಡೆದರು. ಬ್ಯಾಟು ಹಿಡಿದು ಗಳಿಸಿದ ಓಟಗಳು ೧೬೭ ಮಾತ್ರ. ವಿಕೆಟ್ಟಿಗಿಂತ ಓಟ ಕಡಮೆ! ಜನ ಅದನ್ನೂ ಪ್ರೀತಿಯಿಂದಲೇ ನೆನೆಯುತ್ತಾರೆ.

ಅದೇ ಕಾಲದಲ್ಲಿ, ಅದೇ ತಂಡದಲ್ಲಿ ಇ. ಎ. ಎಸ್. ಪ್ರಸನ್ನ ಇದ್ದರು. ಅವರದು ಶಾಸ್ತ್ರೋಕ್ತವಾದ ಆಫ್ ಸ್ಪಿನ್. ಕಲಿಯುವವರು ನೋಡಿ ಕಲಿಯಬಹುದಾದ ಮಾದರಿ. ನಾಡಿಗೆ ಕರ್ನಾಟಕವೆಂಬ ಹೆಸರು ಬಂದ ೧೯೭೩–೭೪ರ ಸಾಲಿನಲ್ಲಿ, ೧೫ ವರ್ಷ ಎಡೆಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಮಣಿಸಿ, ಫೈನಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ನಮ್ಮವರು ಮೊದಲ ಸಲ ಆ ಕಪ್ಪನ್ನು ತಂದರು. ಆ ತಂಡದಲ್ಲಿ ಮಾರ್ಗವೂ ಇತ್ತು, ದೇಸಿಯೂ ಇತ್ತು. ಒಂದು ಇನ್ನೊಂದನ್ನು ಹೊರಗೆ ಹಾಕಲಿಲ್ಲ.

ಅನಿಲ್ ಕುಂಬ್ಳೆಯವರನ್ನು ತಾವೆಲ್ಲ ಬಲ್ಲಿರಿ. ಲೆಗ್ ಸ್ಪಿನ್ನರ್ ಎನಿಸಿಕೊಂಡವರ ಚೆಂಡು ಹೆಚ್ಚು ತಿರುಗುವುದಿಲ್ಲವೆಂಬ ಆಕ್ಷೇಪಣೆ ಮೊದಮೊದಲು ಬಹಳವಾಗಿತ್ತು. ಅವರು ೧೯೯೦ರಿಂದ ೨೦೦೮ರವರೆಗೆ ೧೩೨ ಟೆಸ್ಟುಗಳನ್ನಾಡಿ ೬೧೯ ವಿಕೆಟ್ ಪಡೆದರು. ೧೯೯೯ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಒಂದೇ ಇನ್ನಿಂಗ್ಸಿನಲ್ಲಿ ೭೪ ಓಟಗಳಿಗೆ ಉರುಳಿಸಿದರು. ತಿರುಗದ ಚೆಂಡು ಜಾರಿ ಬಂತು, ಪುಟಿದು ಬಂತು. ದಾಂಡಿಗನಿಗೆ ಅದೇ ಕಷ್ಟವಾಯಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಬೇಕು. ಇಲ್ಲದಿದ್ದರೆ ಈ ಲೇಖನ ಓದಿದ ಹುಡುಗರು ನಾಳೆಯಿಂದ ಸೊಟ್ಟಗೆ ಬೀಸುವುದೇ ಗೆಲುವಿನ ಗುಟ್ಟು ಎಂದುಕೊಂಡಾರು. ಗೆದ್ದ ವಕ್ರರು ಮಾತ್ರ ನಮಗೆ ಕಾಣುತ್ತಾರೆ. ಸೋತ ವಕ್ರರ ಹೆಸರನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ದೊಡ್ಡ ಪಂದ್ಯಗಳನ್ನು ನೋಡಿದರೆ ಇಂದಿಗೂ ಬಹುಪಾಲು ಆಟಗಾರರ ಬೀಸು ಒಂದನ್ನೊಂದು ಹೋಲುತ್ತದೆ. ಶಾಸ್ತ್ರದ ಬೀಸಿನಲ್ಲಿ ತಪ್ಪುವ ಎಡೆಗಳು ಕಡಮೆ. ಅದಕ್ಕೇ ಅದು ಶಾಸ್ತ್ರವಾಯಿತು. ಓರೆ ಬೀಸಿನವನು ಓರೆಯನ್ನು ಪ್ರತಿ ಸಲವೂ ಅಷ್ಟೇ ಓರೆಯಾಗಿ ಬೀಸಬೇಕು. ಫ್ಯೂರಿಕ್ ಅವರ ಕುಣಿಕೆ ಸೋಮವಾರ ಹೇಗೋ ಭಾನುವಾರವೂ ಹಾಗೆಯೇ. ಅದರ ಹಿಂದೆ ಬಾಲ್ಯದಿಂದ ಮಾಡಿದ ಅಭ್ಯಾಸವಿದೆ. ಆದುದರಿಂದ ಉತ್ತರವನ್ನು ಹೀಗೆ ಹೇಳಬಹುದು: ಓರೆ ಬೀಸು ಓರೆಯಾದುದರಿಂದ ಗೆಲ್ಲುವುದಿಲ್ಲ, ಏಟಿನ ಕ್ಷಣದಲ್ಲಿ ನೇರವಾಗಿ, ಪ್ರತಿ ಸಲವೂ ಒಂದೇ ಸಮನಾಗಿ ಬರುವುದಾದರೆ ಅದರ ಓರೆಯಿಂದ ಸೋಲೂ ಇಲ್ಲ.

ಇನ್ನೊಂದು ವಿವೇಕವೂ ಬೇಕು. ರೂಢಿ ಬೇರೆ, ನಿಯಮ ಬೇರೆ. ಸ್ಯಾಮ್ ಸ್ನೀಡ್ ಎಂಬ ಹಿರಿಯ ಆಟಗಾರರು ಕುಳಿಯ ಹತ್ತಿರದ ಸಣ್ಣ ಏಟನ್ನು ಚೆಂಡಿನ ಎರಡು ಪಕ್ಕಕ್ಕೂ ಕಾಲಿಟ್ಟುಕೊಂಡು ಹೊಡೆಯತೊಡಗಿದರು. ೧೯೬೮ರಿಂದ ಅದು ನಿಷಿದ್ಧವಾಯಿತು. ಉದ್ದನೆಯ ಕೋಲಿನ ತುದಿಯನ್ನು ಎದೆಗೋ ಹೊಟ್ಟೆಗೋ ಊರಿಕೊಂಡು ಹೊಡೆಯುವುದನ್ನು ೨೦೧೬ರಿಂದ ನಿಷೇಧಿಸಿದರು. ಫ್ಯೂರಿಕ್ ಅವರ ಕುಣಿಕೆಯನ್ನು ಯಾರೂ ನಿಷೇಧಿಸಲಿಲ್ಲ. ಅದು ರೂಢಿಯನ್ನು ಮೀರಿತ್ತು, ನಿಯಮವನ್ನು ಮೀರಿರಲಿಲ್ಲ. ನಮ್ಮ ಕಾವ್ಯದಲ್ಲಿಯೂ ಹೀಗೆಯೇ. ಸಂಸ್ಕೃತ ವೃತ್ತದಲ್ಲಿ ಸಾಲಿನ ನಡುವೆ ನಿಲ್ಲಬೇಕಾದ ಎಡೆಗೆ ಯತಿ ಎನ್ನುತ್ತಾರೆ. ನಮ್ಮ ಹಳಗನ್ನಡ ಕವಿಗಳು ಯತಿಯನ್ನು ಲೆಕ್ಕಿಸದೆ ನಡೆದರು. ಆದರೆ ಗಣಗಳನ್ನೂ ಪ್ರಾಸವನ್ನೂ ಬಿಡಲಿಲ್ಲ. ೧೯೧೧ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸವನ್ನೂ ಬಿಟ್ಟರು; ಲಯವನ್ನು ಬಿಡಲಿಲ್ಲ. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬುದನ್ನು ಬಲ್ಲವನ ಕೈಯಲ್ಲಿ ಮಾತ್ರ ಬಿಟ್ಟದ್ದು ಶೋಭಿಸುತ್ತದೆ.

ಕ್ಯಾಡಿಗಳ ವಿಷಯ ಹೇಳುವುದಾಗಿ ಮಾತು ಕೊಟ್ಟಿದ್ದೆ. ೧೯೬೪ರಲ್ಲಿ ಇಂಡಿಯನ್ ಓಪನ್ ಪಂದ್ಯ ಆರಂಭವಾದಾಗ ಗೆದ್ದವರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಅದನ್ನು ಗೆದ್ದ ಮೊದಲ ಭಾರತೀಯ ವೃತ್ತಿ ಆಟಗಾರ ಅಲಿ ಶೇರ್. ದೆಹಲಿಯ ಗಾಲ್ಫ್ ಕ್ಲಬ್ಬಿನಲ್ಲಿ ಚೀಲ ಹೊರುತ್ತಿದ್ದವರು ೧೯೯೧ರಲ್ಲಿ ಗೆದ್ದು, ೧೯೯೩ರಲ್ಲಿ ಮತ್ತೊಮ್ಮೆ ಗೆದ್ದರು. ಕಲ್ಕತ್ತೆಯ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ ಎಸ್. ಎಸ್. ಪಿ. ಚೌರಾಸಿಯಾ ತಾವೇ ನೋಡಿ ಕಲಿತು ೨೦೧೬ ಮತ್ತು ೨೦೧೭ರಲ್ಲಿ ಗೆದ್ದರು. ನಮ್ಮ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ ೨೦೦೯ರಲ್ಲಿ, ನಾಲ್ಕು ದಿನದ ಆಟ ಸಮವಾಗಿ ಮುಗಿದು ಕೊರಿಯಾದ ಆಟಗಾರನೊಡನೆ ಮತ್ತೆ ಆಡಬೇಕಾಗಿ ಬಂದಾಗ, ಆ ಪಂದ್ಯವನ್ನು ಗೆದ್ದರು. ಇವರ ಬೀಸು ಸೊಟ್ಟಗಿತ್ತೆಂದು ನಾನು ಹೇಳುತ್ತಿಲ್ಲ. ಇವರು ಕಲಿತ ದಾರಿ ಬೇರೆ ಎಂದಷ್ಟೇ ಹೇಳುತ್ತೇನೆ. ಗುರುವಿಗೆ ದಕ್ಷಿಣೆ ಕೊಡಲಾರದ ಹುಡುಗರು ಚೀಲ ಹೊತ್ತು ಹಿಂದೆ ನಡೆಯುತ್ತ ಕಣ್ಣಿನಿಂದಲೇ ಕಲಿತರು.

ನಮ್ಮ ದುರ್ಗದವರಿಗೆ ಇದನ್ನು ನಂಬಿಸಲು ಕಷ್ಟಪಡಬೇಕಾಗಿಲ್ಲ. ಜಿಲ್ಲಾ ಕೇಂದ್ರದ ನಮ್ಮ ಕ್ರೀಡಾಂಗಣಕ್ಕೆ ಯಾರ ಹೆಸರಿದೆ? ಒನಕೆ ಓಬವ್ವನ ಹೆಸರು. ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಬಂಡೆಯ ಕಿಂಡಿಯಿಂದ ನುಸುಳುತ್ತಿದ್ದಾಗ ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತಳೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ೧೭೭೯ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಆದರೂ ಆ ಕಿಂಡಿಯ ಮುಂದೆ ಇಂದಿಗೂ ಜನ ನಿಂತು ನೋಡುತ್ತಾರೆ. ಗರಡಿಗಳಿದ್ದ ಊರು ಇದು. ಕತ್ತಿವರಸೆಗೆ ಇಲ್ಲಿ ಗುರುಗಳಿಗೆ ಕೊರತೆಯಿರಲಿಲ್ಲ. ಆಕೆ ಬಲ್ಲದ್ದು ಭತ್ತ ಕುಟ್ಟುವ ಏಟು ಒಂದೇ. ದಿನವೂ ಎತ್ತಿ ಇಳಿಸಿದ ಒನಕೆ, ತೋಳಿಗೆ ಒಗ್ಗಿದ ಭಾರ, ತಪ್ಪದ ಗುರಿ. ಯಾವ ವರಸೆಗೂ ಸೇರದ ಆ ಏಟೇ ಊರಿನ ನೆನಪಿನಲ್ಲಿ ನಿಂತಿತು.

ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಹೇಳದೆ ಉಳಿದರೆ ಬರೆದದ್ದು ಪ್ರಾಮಾಣಿಕವಾಗದ ಒಂದು ಸಂಗತಿ ಇದೆ.

ಅಮೆರಿಕದ ಫಿಲ್ ಮಿಕೆಲ್ಸನ್ ಎಂಬ ಆಟಗಾರ ಬರೆಯುವುದು, ಎಸೆಯುವುದು ಎಲ್ಲವೂ ಬಲಗೈಯಿಂದ. ಗಾಲ್ಫ್ ಮಾತ್ರ ಎಡಗೈ ಆಟ. ಮಗುವಾಗಿದ್ದಾಗ ತಂದೆಯ ಎದುರು ನಿಂತು, ಕನ್ನಡಿಯಲ್ಲಿ ಕಂಡಂತೆ ಅವರ ಬೀಸನ್ನು ಅನುಕರಿಸಿದ್ದರಿಂದ ಹಾಗಾಯಿತು. ಮನೆಯವರು ತಿದ್ದಿ ಬಲಕ್ಕೆ ತಿರುಗಿಸದೆ ಹಾಗೆಯೇ ಬೆಳೆಯಲು ಬಿಟ್ಟರು. ಆತ ಆರು ಮಹಾ ಪಂದ್ಯಗಳನ್ನು ಗೆದ್ದರು. ಕೊನೆಯದನ್ನು ೨೦೨೧ರಲ್ಲಿ, ೫೦ರ ವಯಸ್ಸಿನಲ್ಲಿ.

ಇದನ್ನು ಓದಿದಾಗ ನನಗೆ ಹೊಳಲ್ಕೆರೆ ತಾಲ್ಲೂಕಿನಲ್ಲಿ ಕೆಲಸಕ್ಕೆ ಸೇರಿದ ಹೊಸತರ ದಿನಗಳು ನೆನಪಾದವು. ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಹುಡುಗನೊಬ್ಬನಿದ್ದ. ಅಕ್ಷರ ಎಡಕ್ಕೆ ವಾಲಿದ್ದರೂ ದುಂಡಗಿತ್ತು, ವೇಗವೂ ಇತ್ತು. ನಾನು ಅಕ್ಷರ ನೋಡಲಿಲ್ಲ, ಕೈ ನೋಡಿದೆ. ಬಲಗೈಯಲ್ಲಿಯೇ ಬರೆಯಬೇಕೆಂದು ಹಟ ಹಿಡಿದೆ. ಒಂದೆರಡು ಸಲ ಅಡಿಕೋಲಿನಿಂದ ಬೆರಳಿಗೆ ತಟ್ಟಿದ್ದೂ ಉಂಟು. ಹುಡುಗ ಕೈ ಬದಲಿಸಿದ. ಆಮೇಲೆ ಅವನ ಉತ್ತರ ಪತ್ರಿಕೆಗಳು ಅರ್ಧಕ್ಕೇ ನಿಲ್ಲತೊಡಗಿದವು. ಗಂಟೆ ಬಾರಿಸಿದಾಗ ಎಲ್ಲರೂ ಎದ್ದರೂ ಅವನು ಇನ್ನೂ ಬರೆಯುತ್ತಿರುತ್ತಿದ್ದ. ಅವನಿಗೆ ಓದಿನಲ್ಲಿ ಆಸಕ್ತಿ ತಗ್ಗಿತೆಂದು ನಾನೇ ಷರಾ ಬರೆದೆ.

ಕೆಲವು ವರ್ಷಗಳ ಹಿಂದೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಗುರುತು ಹಿಡಿದು ಕಾಲಿಗೆ ನಮಸ್ಕಾರ ಮಾಡಿದ. ತನ್ನ ದೂರವಾಣಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಬರೆದದ್ದು ಎಡಗೈಯಿಂದ. ನಾನು ನೋಡುತ್ತಿರುವುದನ್ನು ಕಂಡು, "ಮತ್ತೆ ಅದಕ್ಕೇ ಬಂದುಬಿಟ್ಟೆ ಸಾರ್" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ಚೀಟಿ ನನ್ನ ಶಬ್ದಕೋಶದೊಳಗೆ ಇನ್ನೂ ಇದೆ.

ವಾಚಕರೇ, ತಮ್ಮ ಮನೆಯಲ್ಲಿ ಮಗುವೊಂದು ಲೆಕ್ಕವನ್ನು ತನ್ನದೇ ರೀತಿಯಲ್ಲಿ ಬಿಡಿಸುತ್ತಿರಬಹುದು, ಚೆಂಡನ್ನು ತನ್ನದೇ ರೀತಿಯಲ್ಲಿ ಎಸೆಯುತ್ತಿರಬಹುದು. ತಿದ್ದುವುದಕ್ಕೆ ಮೊದಲು ಒಂದು ಗಳಿಗೆ ತಡೆಯಿರಿ. ಉತ್ತರ ಸರಿ ಬರುತ್ತಿದೆಯೇ? ಹತ್ತು ಸಲ ಮಾಡಿದರೆ ಹತ್ತು ಸಲವೂ ಬರುತ್ತಿದೆಯೇ? ಬಾರದಿದ್ದರೆ ಶಾಸ್ತ್ರವನ್ನು ಅಕ್ಕರೆಯಿಂದ ಕಲಿಸಿರಿ. ಶಾಸ್ತ್ರ ಇರುವುದೇ ಅದಕ್ಕಾಗಿ. ಬರುತ್ತಿದ್ದರೆ ಮಗುವಿನ ಕೈಯನ್ನು ಅದರ ಪಾಡಿಗೆ ಬಿಡಿರಿ.

ಹೊಸದುರ್ಗದ ಆ ನನ್ನ ವಿದ್ಯಾರ್ಥಿಗೂ ಇದನ್ನೇ ಬರೆದು ಕಳುಹಿಸಿದ್ದೇನೆ. ಇನ್ನು ಮುಂದೆ ಮೈದಾನದಲ್ಲಿ ಯಾರಾದರೂ ಅಡ್ಡಾದಿಡ್ಡಿ ಬೀಸುವುದನ್ನು ಕಂಡರೆ, ನಗುವುದಕ್ಕೆ ಮೊದಲು ಚೆಂಡು ಎಲ್ಲಿ ಬಿತ್ತೆಂದು ನೋಡು ಎಂದು.